ನೌಕರಿಯಿಲ್ಲದ ಬೆಕ್ಕು

ದಾವಣಗೆರೆಯ ಮಂಡಿಪೇಟೆಯಲ್ಲಿ ಯಾವ ಸಾಹುಕಾರರೂ ತಾವು ಬೆಕ್ಕು ಸಾಕಿದ್ದೇವೆಂದು ಹೇಳುವುದಿಲ್ಲ. ತಕ್ಕಡಿ ಇದೆ, ಹಮಾಲರು ಇದ್ದಾರೆ ಎನ್ನುವ ಧಾಟಿಯಲ್ಲಿಯೇ ‘ಅಂಗಡಿಯಲ್ಲಿ ಒಂದು ಬೆಕ್ಕು ಇದೆ’ ಎನ್ನುತ್ತಾರೆ. ಅಕ್ಕಿ, ಮೆಕ್ಕೆಜೋಳ, ಶೇಂಗಾ ತುಂಬಿದ ಚೀಲಗಳಿದ್ದಲ್ಲಿ ಇಲಿ ಇರಲೇಬೇಕು. ಇಲಿ ಇದ್ದ ಮೇಲೆ ಬೆಕ್ಕಿಗೊಂದು ಹುದ್ದೆ ಇರಲೇಬೇಕು. ಸಂಬಳವಿಲ್ಲದಿದ್ದರೂ ವಸತಿ ಉಂಟು, ಹಗಲೆಲ್ಲ ಚೀಲದ ಮೇಲೆ ನಿದ್ದೆ ಹೊಡೆದರೂ ಕೇಳುವವರಿಲ್ಲ. ಮನುಷ್ಯನಿಗೂ ಬೆಕ್ಕಿಗೂ ಪರಿಚಯವಾದದ್ದೇ ಧಾನ್ಯದ ರಾಶಿಯ ಪಕ್ಕದಲ್ಲಂತೆ. ಸೈಪ್ರಸ್ ದ್ವೀಪದ ಸುಮಾರು 9500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಬದಿಯಲ್ಲಿಯೇ ಬೆಕ್ಕಿನ ಅಸ್ಥಿಪಂಜರವೂ ಸಿಕ್ಕಿದೆ. ಆ ಮನುಷ್ಯನ ಮನೆಯಲ್ಲಿಯೂ ಯಾರೋ ‘ಇದೆ’ ಎಂದೇ ಹೇಳುತ್ತಿದ್ದರೆಂದು ನನ್ನ ಊಹೆ.

ಹಳ್ಳಿಯ ನಮ್ಮ ಮನೆಗೂ ಬೆಕ್ಕನ್ನು ಯಾರೂ ತಂದವರಲ್ಲ. ಒಂದು ಬೆಳಿಗ್ಗೆ ಅಟ್ಟದ ಮೇಲೆ ಕಾಣಿಸಿಕೊಳ್ಳುತ್ತಿತ್ತು. ನಾಲ್ಕು ದಿನ ಹಚಾ ಎಂದು ಓಡಿಸುವುದು, ಐದನೆಯ ದಿನ ಅದಕ್ಕೊಂದು ಚಿಪ್ಪು ಗೊತ್ತು ಮಾಡುವುದು, ಅಲ್ಲಿಗೆ ಸ್ವಾಗತ ಸಮಾರಂಭ ಮುಗಿಯಿತು. ಬೆಕ್ಕು ಬರುತ್ತದೆಂದು ಮೊದಲೇ ಸಿದ್ಧತೆ ಮಾಡಿಕೊಳ್ಳುವ ಕಾಲ ನಮ್ಮ ತಲೆಮಾರಿಗೇ ಬಂದದ್ದು. ಏಕೆಂದರೆ ವಿದ್ಯಾನಗರದ ಈ ಮನೆಯಲ್ಲಿ ಅಟ್ಟವಿಲ್ಲ, ಕಣಜವಿಲ್ಲ, ಅಕ್ಕಿ ಸ್ಟೀಲ್ ಡಬ್ಬಿಯಲ್ಲಿದೆ, ಇಲಿಯೂ ಇಲ್ಲ. ಬರುವ ಬೆಕ್ಕಿಗೆ ಇಲ್ಲಿ ಕೆಲಸವಿಲ್ಲ. ಹಾಗಾಗಿ ಕೆಲಸವೆಲ್ಲ ನಮ್ಮ ಪಾಲಿಗೆ ಬಂದಿದೆ.

ಮರಿ ಹುಟ್ಟಿರುವುದು ನಮ್ಮ ಸೋದರಮಾವನ ಮಂಡಿಯಲ್ಲಿ, ಶೇಂಗಾ ಚೀಲಗಳ ಸಂದಿಯಲ್ಲಿ. ಮೈಯೆಲ್ಲ ಬೂದಿ ಬಣ್ಣ, ಮುಂಗಾಲು ಎರಡೂ ಸುಣ್ಣದಲ್ಲಿ ಅದ್ದಿದಷ್ಟು ಬಿಳುಪು. ಕಣ್ಣು ಬಿಟ್ಟಾಗಿನ ನೀಲಿ ಇನ್ನೂ ಪೂರ್ತಿ ಮಾಸಿಲ್ಲ. ಮಗಳು ಅದನ್ನೇ ಬೇಕೆಂದಳು. ‘ಈಗಲೇ ಗೋಣಿಚೀಲದಲ್ಲಿ ಹಾಕಿ ಕಳಿಸುತ್ತೇನೆ, ಬಾಯಿ ಕಟ್ಟಿದರೆ ದಾರಿ ಗುರುತು ಹಿಡಿಯುವುದಿಲ್ಲ’ ಎಂದರು ಮಾವ. ಎರಡು ತಿಂಗಳಾದರೂ ತುಂಬಲಿ ಮಾವ, ಎಂದೆ. ತಾಯಿಯ ಹಾಲು ಬಿಟ್ಟು ತಾನಾಗಿ ತಿನ್ನುವುದಷ್ಟೇ ಅಲ್ಲ, ಎಷ್ಟು ಜೋರಾಗಿ ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ಜಗಳ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆಯಲ್ಲಿ. ಆ ಪಾಠ ಅರ್ಧಕ್ಕೆ ನಿಂತರೆ ಉಳಿದದ್ದನ್ನು ನಮ್ಮ ಕೈಬೆರಳ ಮೇಲೆ ಮುಗಿಸುತ್ತದೆ. ಮಾವ ಒಪ್ಪಿದರು. ಗೋಣಿಯನ್ನು ಮಾತ್ರ ಬಿಡಲಿಲ್ಲ, ಒಂದು ಖಾಲಿ ಚೀಲ ಕೊಟ್ಟೇ ಕಳಿಸಿದರು. ಅದೇ ಈಗ ನಮ್ಮಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಅರ್ಧವನ್ನು ಮರದ ತುಂಡಿಗೆ ಬಿಗಿದು ಸುತ್ತಿ ಸೋಫಾದ ಪಕ್ಕ ನಿಲ್ಲಿಸಿದ್ದೇವೆ, ಉಗುರು ಕೆರೆದುಕೊಳ್ಳಲು; ಇನ್ನರ್ಧ ಹಾಸಿಗೆಗೆ. ಹುಟ್ಟಿದ ಜಾಗದ ವಾಸನೆ ಇದ್ದರೆ ಹೊಸ ಮನೆಯ ದಿಗಿಲು ಕಡಿಮೆಯಾಗುತ್ತದೆ. ಶೇಂಗಾ ಧೂಳಿನ ಘಾಟಿಗೆ ನಾವು ಸೀನುತ್ತಿದ್ದೇವೆ, ಅದು ಬೇರೆ ಮಾತು.

ನಿಜವಾದ ಚರ್ಚೆ ನಡೆದದ್ದು ಊಟದ ಬಗ್ಗೆ. ನಮ್ಮದು ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ಅವ್ವನ ಪ್ರಕಾರ ಇದರಲ್ಲಿ ಚರ್ಚೆಗೆ ಏನೂ ಇಲ್ಲ: ಬೆಕ್ಕಿಗೆ ಹಾಲು, ಅನ್ನ, ಹಬ್ಬಕ್ಕೆ ತುಪ್ಪ. ಹಾಲು ಬೇಡವಂತೆ ಎಂದಾಗ, ತವರಿಗೆ ಬಂದ ಮಗಳಿಗೆ ಊಟವಿಲ್ಲ ಎಂದಷ್ಟು ಕಠೋರವಾಗಿ ಕೇಳಿಸಿತು ಅವ್ವನಿಗೆ. ಬೆಣ್ಣೆದೋಸೆಯ ಊರಲ್ಲವೇ ಇದು! ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಿದರೇ?’ ಕುಡಿಯುತ್ತದೆ, ಸುಳ್ಳಲ್ಲ. ಆದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ತಾಯಿಯ ಮೊಲೆ ಬಿಟ್ಟ ಮೇಲೆ ಬಹುಪಾಲು ಬೆಕ್ಕುಗಳಲ್ಲಿ ಕುಗ್ಗುತ್ತದೆ. ಹಿರಿಯರು ಕಣ್ಣು ಮುಚ್ಚಿ ಕುಡಿಯುವುದರವರೆಗೆ ನೋಡಿದರು. ಹೊಟ್ಟೆ ಕೆಟ್ಟ ಬೆಕ್ಕು ಹಿತ್ತಿಲಿಗೆ ಓಡಿದ್ದನ್ನು ನೋಡಲು ಹೋಗಲಿಲ್ಲ.

ಅನ್ನದಿಂದಲೂ ಆಗುವುದಿಲ್ಲ. ಟಾರಿನ್ ಎಂಬ ಸತ್ವ ಬೆಕ್ಕಿಗೆ ಬೇಕೇ ಬೇಕು, ಅದು ಸಾಕಷ್ಟು ಸಿಗುವುದು ಮಾಂಸ, ಮೀನುಗಳಲ್ಲಿ. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಾಗಾದರೆ ಮಂಡಿಯ ಬೆಕ್ಕು? ಅದಕ್ಕೆ ಇಲಿಯೇ ಔಷಧಿ. ಮಾವನ ಗಲ್ಲಾದ ಮೇಲೆ ಬಸವಣ್ಣನವರ ಫೋಟೋ ಇದೆ, ದಿನವೂ ಊದುಬತ್ತಿ ಹಚ್ಚುತ್ತಾರೆ. ಅದೇ ಗೋಡೆಯ ಬುಡದಲ್ಲಿ ಬೆಕ್ಕು ಇಲಿಯನ್ನು ಕರಕರ ಮುರಿಯುತ್ತದೆ. ಇಷ್ಟು ವರ್ಷಗಳಲ್ಲಿ ಯಾರ ಆಚಾರವೂ ಕೆಟ್ಟಿಲ್ಲ. ತಾನೇ ಹಿಡಿದು ತಿಂದರೆ ಅದರ ಹಣೆಬರಹ, ನಾವು ದುಡ್ಡು ಕೊಟ್ಟು ತಂದರೆ ಮಾತ್ರ ಪಾಪ ಎಂಬ ಈ ಲೆಕ್ಕ ಮಂಡಿಯವರ ಲೆಕ್ಕವೇ ಸರಿ. ನನಗಂತೂ ಇದರಲ್ಲಿ ಆಚಾರಕ್ಕಿಂತ ಉಳಿತಾಯವೇ ಹೆಚ್ಚು ಕಾಣುತ್ತದೆ.

ಅವ್ವನ ಮನಸ್ಸು ಕರಗಿದ್ದು ಟಾರಿನ್ನಿಂದ ಅಲ್ಲ, ಹೋಳಿಗೆಯಿಂದ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನು ಇಡೀ ಆ ಕುಲದಲ್ಲಿಯೇ ಕೆಟ್ಟು ಕೂತಿದೆ ಎಂದು ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದರು. ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅವ್ವ ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

‘ಹಾಗಾದರೆ ಯುಗಾದಿಗೆ ಹೋಳಿಗೆ ಹಾಕಿದರೆ?’

‘ಬೇಯಿಸಿದ ಬೇಳೆ ತಿಂದ ಹಾಗೆ ಅಷ್ಟೇ, ಅವ್ವ.’

‘ಪಾಪ, ಏನು ಜನ್ಮವಪ್ಪಾ ಅದು’ ಎಂದಳು. ಮರುದಿನ ಮರಿಗಳಿಗೆಂದೇ ಮಾಡಿದ ಒಣ ಆಹಾರದ ಪೊಟ್ಟಣ ಮನೆಗೆ ಬಂತು. ಮೇಲೆ ಮೀನಿನ ಚಿತ್ರ. ಅವ್ವ ಕಾಳನ್ನೆಲ್ಲ ಒಂದು ಹಳೆಯ ಡಬ್ಬಿಗೆ ಸುರಿದು, ಖಾಲಿ ಪೊಟ್ಟಣವನ್ನು ಮಡಚಿ ಕಸದ ಬುಟ್ಟಿಯ ತಳಕ್ಕೆ ತಳ್ಳಿದಳು. ಡಬ್ಬಿಯ ಜಾಗ ಹಿತ್ತಿಲ ಕಡೆಯ ಗೂಡು. ಅಡುಗೆಮನೆಗೆ ಪ್ರವೇಶವಿಲ್ಲ.

ಊಟದಷ್ಟೇ ಮುಖ್ಯವಾದ ಇನ್ನೊಂದಕ್ಕೆ ಅಗಲವಾದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಮರಳು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ರಸ್ತೆಯಲ್ಲಿ ಮರಳಿನ ಗುಡ್ಡೆಯೇ ಬಿದ್ದಿದೆ, ಆದರೆ ಬಡಾವಣೆಯ ಬೀದಿಬೆಕ್ಕುಗಳೆಲ್ಲ ಅದನ್ನು ಆಗಲೇ ಸಾರ್ವಜನಿಕ ಶೌಚಾಲಯವೆಂದು ಘೋಷಿಸಿಬಿಟ್ಟಿವೆ. ರೋಗವೂ ಜಂತುಹುಳುವೂ ಅಲ್ಲಿಂದಲೇ ಬರುವುದು. ಮಂಡಕ್ಕಿ ಭಟ್ಟಿಯ ಮರಳು ಕೇಳಿ ತರಲೇ ಎಂದರು ಪರಿಚಯದವರೊಬ್ಬರು. ಅದು ಕಾದು ಕಾದು ಶುದ್ಧವಾಗಿರುತ್ತದೆ ಎಂಬ ವಾದ ಸರಿಯೇ. ಆದರೆ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಕೂತಾಗ ನನಗೆ ಬೇರೇನೋ ನೆನಪಾಗುವುದು ಬೇಡ. ಅಂಗಡಿಯ ಮರಳನ್ನೇ ಕೊಂಡೆವು. ಒಂದು ಬೆಕ್ಕಿಗೆ ಎರಡು ತಟ್ಟೆ ಇಡುವುದು ಒಳ್ಳೆಯದು, ಎರಡೂ ಊಟದ ಜಾಗದಿಂದ ದೂರ ಇರಬೇಕು ಎಂಬುದು ಬಲ್ಲವರ ಸಲಹೆ. ಐದು ಜನಕ್ಕೆ ಒಂದೇ ಬಚ್ಚಲಿರುವ ಮನೆಯಲ್ಲಿ ಈ ಸಲಹೆಯನ್ನು ಗಟ್ಟಿಯಾಗಿ ಓದಬಾರದು.

ಮನೆಯೊಳಗಿನ ಅಪಾಯಗಳನ್ನು ಹುಡುಕುವ ಕೆಲಸ ಮಗಳದು. ಗ್ಯಾಸ್ ಸಿಲಿಂಡರಿನ ಹಿಂದಿನ ಸಂದಿ, ಫ್ರಿಜ್ಜಿನ ಬೆನ್ನು, ಕಿಟಕಿಯ ಸರಳು. ತಲೆ ತೂರಿದರೆ ಮೈಯೂ ತೂರುತ್ತದೆ, ಅದಕ್ಕೇ ಜಾಲರಿ ಹೊಡೆಸಿದ್ದೇವೆ. ಅಜ್ಜಿಯ ಸೀರೆಗಳ ನಡುವಿನ ನುಸಿಗುಳಿಗೆ ಬೆಕ್ಕಿಗೆ ವಿಷವೆಂದು ಪತ್ತೆ ಮಾಡಿದವಳೂ ಅವಳೇ. ಜ್ವರದ ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆ ಸಾಕು, ಬೆಕ್ಕಿನ ಪ್ರಾಣಕ್ಕೆ. ಈರುಳ್ಳಿ, ಬೆಳ್ಳುಳ್ಳಿ ಕೂಡ ಅದರ ರಕ್ತ ಕೆಡಿಸುತ್ತವೆ. ನನಗೆ ಮಾತ್ರ ಇವೆಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಹೂವಿನ ದಾರ. ಬಾಡಿದ ಮಲ್ಲಿಗೆ ಮಾಲೆ ದೇವರ ಫೋಟೋದಿಂದ ಇಳಿಯುತ್ತದೆ, ಹೂವು ಉದುರುತ್ತದೆ, ಗಂಟುಗಂಟಾದ ದಾರ ಕುರ್ಚಿಯ ಕಾಲಿಗೋ ಕನ್ನಡಿಯ ಮೊಳೆಗೋ ತೂಗುತ್ತ ಉಳಿದುಬಿಡುತ್ತದೆ. ಮರಿಗೆ ಇದಕ್ಕಿಂತ ಚೆಂದದ ಆಟಿಕೆ ಯಾವುದು? ಬೆಕ್ಕಿನ ನಾಲಿಗೆಯ ಮೇಲೆ ಸಣ್ಣ ಮುಳ್ಳುಗಳಿವೆ, ಎಲ್ಲವೂ ಗಂಟಲ ಕಡೆಗೆ ಬಾಗಿದವು. ಬಾಯಿಗೆ ಸಿಕ್ಕಿದ ದಾರವನ್ನು ಉಗಿಯುವುದು ಅದಕ್ಕೆ ಕಷ್ಟ, ಒಳಗೇ ಎಳೆದುಕೊಳ್ಳುತ್ತ ಹೋಗುತ್ತದೆ. ಹೊಟ್ಟೆಗೆ ಇಳಿದರೆ ಕರುಳನ್ನೇ ನೆರಿಗೆ ಹಿಡಿದು ಕೊಯ್ಯಬಲ್ಲದು, ಶಸ್ತ್ರಚಿಕಿತ್ಸೆಯೇ ಗತಿ. ಈಗ ನಮ್ಮ ಮನೆಯಲ್ಲಿ ದಾರಕ್ಕೆಂದೇ ಒಂದು ಮುಚ್ಚಳದ ಡಬ್ಬಿ ಇದೆ.

ಚುಚ್ಚುಮದ್ದಿಗೆ ಪಶು ಆಸ್ಪತ್ರೆಗೆ ಹೋಗಬೇಕು. ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ್ದು. ಎಮ್ಮೆ, ಕುರಿ ಹಿಡಿದು ನಿಂತವರ ಸಾಲಿನಲ್ಲಿ ಬುಟ್ಟಿ ಹಿಡಿದು ನಿಲ್ಲುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು.

ಬೆಕ್ಕು ಅಡ್ಡ ಬಂದರೆ ಅಪಶಕುನ ಎಂದು ನಂಬಿದ ನೆರೆಮನೆಯವರು ‘ಒಳಗೇ ಇಟ್ಟುಕೊಂಡರೆ ಹೇಗೆ?’ ಎಂದು ಕೇಳಿದ್ದಾರೆ. ಮರಿ ಮನೆಯಲ್ಲಿದ್ದರೆ ಚಪ್ಪಲಿ ಮೆಟ್ಟುವುದರೊಳಗೆ ಹತ್ತು ಸಲ ಅಡ್ಡ ಬರುತ್ತದೆ. ಪ್ರತಿ ಸಲವೂ ಕೂತು ನೀರು ಕುಡಿದರೆ ಕಚೇರಿಗೆ ಹೋಗಲು ದಿನವೇ ಉಳಿಯುವುದಿಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹೆಸರು ಇನ್ನೂ ಗೊತ್ತಾಗಿಲ್ಲ. ಗೌರಿ ಎಂದಿಡೋಣ ಎಂದಳು ಮಗಳು. ದೇವರ ಹೆಸರಿಟ್ಟರೆ ಬೈಯಲು ಬಾಯಿ ಬರುವುದಿಲ್ಲ ಎಂದು ಅವ್ವ ತಳ್ಳಿಹಾಕಿದಳು. ದಿನವನ್ನೂ ಅವ್ವನೇ ನೋಡಿದ್ದಾಳೆ: ಮಂಗಳವಾರ ಬೇಡ, ಅಮಾವಾಸ್ಯೆ ಕಳೆಯಲಿ, ರಾಹುಕಾಲ ತಪ್ಪಿಸಿ. ಮಾವ ನಿನ್ನೆ ಫೋನು ಮಾಡಿ, ‘ಅಕ್ಕಾ, ತಾಯಿಬೆಕ್ಕು ಆಗಲೇ ಎರಡು ಸಲ ಮರಿಗಳ ಜಾಗ ಬದಲಿಸಿದೆ, ನಿನ್ನ ಪಂಚಾಂಗ ಅದಕ್ಕೆ ಗೊತ್ತಿಲ್ಲ’ ಎಂದರು. ಗುರುವಾರ ಬೆಳಿಗ್ಗೆ ಮಂಡಿ ತೆರೆಯುವ ಹೊತ್ತಿಗೆ ಬುಟ್ಟಿ ಹಿಡಿದು ಹೋಗುವುದೆಂದು ತೀರ್ಮಾನವಾಗಿದೆ. ಆಟೋದಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಯಾರು ಇಟ್ಟುಕೊಳ್ಳಬೇಕೆಂಬುದರ ಬಗ್ಗೆ ಅವ್ವನಿಗೂ ಮಗಳಿಗೂ ಈಗ ಮಾತು ನಡೆದಿದೆ.