ಪರ-ವಿರೋಧ: ಮನಶ್ಶಾಸ್ತ್ರದ ಮೊದಲ ಪಾಠ ಅದರ ಇತಿಹಾಸವೇ ಆಗಬೇಕೇ?

ಪರ

ಆಗಲೇಬೇಕು. ಇತಿಹಾಸ ಗೊತ್ತಿಲ್ಲದವರು ಇವತ್ತಿನ ಸಿದ್ಧಾಂತವನ್ನೇ ಕೊನೆಯ ಮಾತೆಂದು ನಂಬಿಬಿಡುತ್ತಾರೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್, ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳಿದರೆ ಪ್ರಜ್ಞೆಯನ್ನು ಅಭ್ಯಾಸ ಮಾಡಬಹುದು ಎಂದು ನಂಬಿದ್ದರು. ಇಬ್ಬರು ಎರಡು ಥರ ಹೇಳಿದರೆ ಯಾರ ಮಾತು ಸರಿ? ಈ ತೊಡಕು ಬಗೆಹರಿಯಲಿಲ್ಲ. 1913ರಲ್ಲಿ ಜಾನ್ ವಾಟ್ಸನ್, ಕಣ್ಣಿಗೆ ಕಾಣುವ ವರ್ತನೆಯೊಂದೇ ಸಾಕು ಎಂದರು. ಇದೇ ವರ್ತನಾವಾದ. ಆ ತೊಡಕನ್ನು ಅರಿಯದವರಿಗೆ ಅದು ಬರೀ ಒಂದು ವ್ಯಾಖ್ಯೆ.

ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಲ್ಲಿ ಬಡಿದರು. ಕೊನೆಗೆ ಇಲಿ ಕಂಡರೇ ಮಗು ಅಳತೊಡಗಿತು. ಆ ಭಯವನ್ನು ಬಿಡಿಸಲೇ ಇಲ್ಲ, ಅದು ಅನ್ಯಾಯ. ಬಿಡಿಸುವ ದಾರಿ ತೋರಿಸಿದವರು ಮೇರಿ ಕವರ್ ಜೋನ್ಸ್, 1924ರಲ್ಲಿ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು.

ನನ್ನ ಅಕ್ಕನ ಮಗಳು ನಾಯಿಯ ಭಯಕ್ಕೆ ಬಾಗಿಲು ದಾಟುತ್ತಿರಲಿಲ್ಲ. ಆಪ್ತಸಮಾಲೋಚಕಿ ಮೊದಲು ನಾಯಿಯ ಚಿತ್ರ ತೋರಿಸಿದರು, ಆಮೇಲೆ ರಸ್ತೆಯಾಚೆ ಕಟ್ಟಿಹಾಕಿದ ನಾಯಿ, ಆಮೇಲೆ ನಾಲ್ಕೇ ಹೆಜ್ಜೆ ದೂರ. "ಮಗೂಗೆ ಯಾಕಿಷ್ಟು ಹಿಂಸೆ, ನಿಲ್ಲಿಸಿಬಿಡೋಣ ಕಣೋ" ಅಂದಳು ಅಕ್ಕ. ಪೀಟರನ ಕತೆ ಹೇಳಿದೆ. ಅಕ್ಕ ನಿಲ್ಲಿಸಲಿಲ್ಲ. ಹುಡುಗಿ ಈಗ ಪಕ್ಕದ ಮನೆಯ ನಾಯಿಯ ಬೆನ್ನು ಸವರುತ್ತಾಳೆ. ಹಳೆಯದನ್ನು ಓದಿ ಏನು ಪ್ರಯೋಜನ ಎನ್ನುವವರಿಗೆ ನನ್ನ ಉತ್ತರ ಇದು.

ವಿರೋಧ

ಇತಿಹಾಸವೇ ಬೇಡವೆಂದು ನಾನು ಹೇಳಲಾರೆ. ಮೊದಲ ಪಾಠವಾಗಿ ಬೇಡ, ಅಷ್ಟೆ. ವುಂಟ್, ವಿಲಿಯಂ ಜೇಮ್ಸ್, ಫ್ರಾಯ್ಡ್, ವಾಟ್ಸನ್ ಎಂದು ಹೆಸರು, ಇಸವಿಗಳನ್ನು ಉರುಹೊಡೆದು ಪರೀಕ್ಷೆ ಮುಗಿದ ಮೇಲೆ ಮರೆಯುವುದೇ ಹೆಚ್ಚು. ಪ್ರಯೋಗದಲ್ಲಿ ನಿಯಂತ್ರಣ ಗುಂಪು (ಹೋಲಿಸಿ ನೋಡಲೆಂದು ಪ್ರಯೋಗಕ್ಕೆ ಒಳಪಡಿಸದೆ ಬಿಟ್ಟವರು) ಯಾಕಿರಬೇಕು ಎಂಬುದನ್ನು ಮೊದಲು ಕಲಿಸಿ. ಆಗ, ಬೆರಳೆಣಿಕೆಯ ರೋಗಿಗಳ ವೃತ್ತಾಂತದಿಂದ ಫ್ರಾಯ್ಡ್ ಎಲ್ಲರ ಬಾಲ್ಯದ ಬಗ್ಗೆ ತೀರ್ಮಾನಕ್ಕೆ ಬಂದದ್ದು ಎಷ್ಟು ಸರಿ ಎಂದು ವಿದ್ಯಾರ್ಥಿಯೇ ಕೇಳುತ್ತಾನೆ.

ಇಸವಿಯ ಕ್ರಮದಲ್ಲಿ ಕಲಿಸಿದರೆ ಒಂದು ಪಂಥ ಸತ್ತು ಇನ್ನೊಂದು ಹುಟ್ಟಿತು ಎಂಬ ಭ್ರಮೆಯೂ ಬರುತ್ತದೆ. 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ, ವರ್ತನಾವಾದಿ ಸ್ಕಿನ್ನರ್ ಅವರ ಭಾಷಾ ವಿವರಣೆಯನ್ನು ಕಟುವಾಗಿ ಖಂಡಿಸಿದರೂ ವರ್ತನಾವಾದ ಅಳಿಯಲಿಲ್ಲ. ಯೋಚನೆ, ವರ್ತನೆ ಎರಡನ್ನೂ ಬದಲಿಸಲು ನೋಡುವ ಇಂದಿನ ಚಿಕಿತ್ಸೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ ಅದು ಹೆಸರು ಸಮೇತ ಉಳಿದಿದೆ.

ವುಂಟ್ ಗೊತ್ತಿಲ್ಲದಿದ್ದರೆ ಯಾರ ಭಯವೂ ವಾಸಿಯಾಗದು ಎಂಬಂತಿದೆ ಎದುರಿನವರ ವಾದ. ಆ ಹುಡುಗಿಯನ್ನು ಗುಣಪಡಿಸಿದ್ದು ವಿಧಾನ. ಇತಿಹಾಸ ಪದವಿಯ ಕೊನೆಯ ವರ್ಷಕ್ಕಿರಲಿ.