ಮೊಣಕೈಗೆ ಬೆಲ್ಲ, ಕೈಗೆ ಉಪ್ಪಿಟ್ಟು

ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡು, ಸಾದಹಳ್ಳಿ ಟೋಲ್ ದಾಟಿ, ಟ್ರಾಲಿ ತಳ್ಳುತ್ತಾ ಓಡೋಡಿ ಬಂದು ನೀವು ಚೆಕ್-ಇನ್ ಕೌಂಟರ್ ಮುಟ್ಟಿದಾಗ ವಿಮಾನ ಹೊರಡಲು ಇನ್ನೂ 58 ನಿಮಿಷ ಇದೆ ಅಂತಿಟ್ಟುಕೊಳ್ಳಿ. ಮುಗೀತು. ಕೌಂಟರ್ 60 ನಿಮಿಷಕ್ಕೇ ಮುಚ್ಚಿದೆ. "ಟ್ರಾಫಿಕ್ ಇತ್ತಮ್ಮಾ" ಅಂದರೆ ಕೌಂಟರಿನ ಹುಡುಗಿ ಕನಿಕರದಿಂದ ನಗುತ್ತಾಳೆ. ನಿಮ್ಮ ಹೆಸರಿನ ಮುಂದೆ ನೋ-ಶೋ ಅಂತ ಬೀಳುತ್ತದೆ. ಟಿಕೆಟ್ ದುಡ್ಡು ಗೋವಿಂದ.

ಎರಡೇ ನಿಮಿಷ ಮುಂಚೆ ಬಂದಿದ್ದರೆ? ಆಗ ಕಾಯುವ ಭಾಗ್ಯ ನಿಮ್ಮದು.

ವಿಮಾನ ತಡ ಅಂತ ಯಾರೂ ಒಂದೇ ಸಲಕ್ಕೆ ಹೇಳುವುದಿಲ್ಲ. ಕಂತಿನಲ್ಲಿ ಹೇಳುತ್ತಾರೆ. ಸಂಜೆ 6.40ರದ್ದು 7.15 ಆಗುತ್ತದೆ. ಆಮೇಲೆ 7.50. ಆಮೇಲೆ 8.20. ಕೊನೆಗೆ 8.35ಕ್ಕೆ ಬಂದು ನಿಲ್ಲುತ್ತದೆ. ಎರಡು ಗಂಟೆಗೆ ಐದು ನಿಮಿಷ ಕಮ್ಮಿ. ಸುಮ್ನೆ ಅಲ್ಲ ಅದು. ಎರಡೂವರೆ ಗಂಟೆಯೊಳಗಿನ ಹಾರಾಟವಾದರೆ ಎರಡು ಗಂಟೆ ತಡವಾದ ಮೇಲೆ ಪ್ರಯಾಣಿಕರಿಗೆ ತಿಂಡಿ ಕೊಡಬೇಕು ಅಂತ ನಿಯಮ ಇದೆ.

ಇಂಥ ಪ್ರತಿ ಗೇಟಿನಲ್ಲೂ ಒಬ್ಬ ನಿವೃತ್ತ ಯಜಮಾನರು ಇದ್ದೇ ಇರುತ್ತಾರೆ. ಅಂಗಿ ಜೇಬಿನಲ್ಲಿ ಪೆನ್ನು, ಕೈಯಲ್ಲಿ ನಿಯಮದ ಪ್ರಿಂಟೌಟು.

"ವಿಮಾನ ಎಲ್ಲಿದೆಯಮ್ಮಾ?"

"ಬರ್ತಾ ಇದೆ ಸರ್."

"ಎಲ್ಲಿಂದ?"

"ಆಪರೇಷನಲ್ ರೀಸನ್ ಸರ್."

ಪಾಪ, ಗೇಟಿನ ಹುಡುಗಿಗಾದರೂ ಏನು ಗೊತ್ತಿರುತ್ತದೆ? ಅವಳ ಶಿಫ್ಟು ಮುಗಿದೇ ಒಂದು ಗಂಟೆಯಾಗಿರುತ್ತದೆ. ಗೊತ್ತಿರುವವರು ಗೇಟಿನ ಹತ್ತಿರ ಸುಳಿಯುವುದಿಲ್ಲ.

ಕೊನೆಗೂ ಎರಡು ಗಂಟೆ ದಾಟಿ ರಟ್ಟಿನ ಡಬ್ಬಿಗಳು ಬರುತ್ತವೆ. ಒಳಗೆ ಒಣ ಉಪ್ಪಿಟ್ಟಿನ ಪುಡಿ ತುಂಬಿದ ಕಪ್ಪು, ಅಂಗೈಯಗಲದ ಜ್ಯೂಸು, ಮುರಿಯಲೆಂದೇ ಮಾಡಿದ ಮರದ ಚಮಚ. ಬಿಸಿನೀರು ಹಾಕಿಕೊಳ್ಳಬೇಕು. ಬಿಸಿನೀರಿಗೆ ಇನ್ನೊಂದು ಕ್ಯೂ. ನೀರು ಹಾಕಿ ಇಷ್ಟು ನಿಮಿಷ ಮುಚ್ಚಿಡಿ ಅಂತ ಕಪ್ಪಿನ ಮೇಲೆ ಬರೆದಿರುತ್ತದೆ. ಆ ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಆಗುವುದು ಅದೊಂದೇ.

ಹಕ್ಕುಗಳಿಗೇನೂ ಬರವಿಲ್ಲ ಬಿಡಿ. ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಲ್ಲೇ ನಿಯಮ ಮಾಡಿದೆ. ಆಮೇಲೆ ತಿದ್ದಿ ತೀಡಿಯೂ ಇದೆ. ಓದಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಎಲ್ಲ ಮೊಣಕೈಗೆ ಹಚ್ಚಿದ ಬೆಲ್ಲ. ಕಾಣುತ್ತದೆ, ನಾಲಿಗೆಗೆ ಎಟುಕುವುದಿಲ್ಲ.

ಹೋಟೆಲ್ ರೂಮಿನ ವಿಷಯವನ್ನೇ ನೋಡಿ. 24 ಗಂಟೆಗಿಂತ ಜಾಸ್ತಿ ತಡವಾದರೆ ರೂಮು. ಇಲ್ಲವೇ ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನ ಆರು ಗಂಟೆ ಮೀರಿ ತಡವಾದರೂ ರೂಮು. ಅಂದರೆ 8.05ರ ಪ್ರಯಾಣಿಕನಿಗೆ ಹಾಸಿಗೆ. 7.55ರ ಪ್ರಯಾಣಿಕನಿಗೆ ಸ್ಟೀಲ್ ಕುರ್ಚಿ, ಅದರ ನಡುವೆ ಮಲಗದಂತೆ ತಡೆಯುವ ತೋಳಾಸರೆ. ಹತ್ತು ನಿಮಿಷ ಮೊದಲು ಹೊರಡಬೇಕಾಗಿದ್ದವನಿಗೆ ನಿದ್ದೆ ಬರುವುದಿಲ್ಲ ಅಂತ ಸರ್ಕಾರದ ನಂಬಿಕೆ.

ಆರು ಗಂಟೆ ಮೀರಿ ತಡವಾಗುವಂತಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್. ಅದನ್ನು 24 ಗಂಟೆ ಮೊದಲೇ ತಿಳಿಸಬೇಕಂತೆ. ಈಗ ವಿಮಾನ ಎಲ್ಲಿದೆ ಅಂತ ಹೇಳಲಾಗದವರು ನಾಳೆ ಎಲ್ಲಿರುತ್ತದೆ ಅಂತ ಇವತ್ತೇ ಹೇಳಬೇಕು! ಅಂದಹಾಗೆ ಆ ಆರು ಗಂಟೆಯೊಳಗೆ ಬೆಂಗಳೂರಿನ ವಂದೇ ಭಾರತ್ ರೈಲು ಹುಬ್ಬಳ್ಳಿ ಮುಟ್ಟಿ, ನೀವು ಗಿರ್ಮಿಟ್ ತಿಂದು ಕೈ ತೊಳೆದಿರುತ್ತೀರಿ.

ಇನ್ನು ದುಡ್ಡಿನ ಪರಿಹಾರ. ತಡಕ್ಕೆ ಅದಿಲ್ಲ. ಯುರೋಪಿನಲ್ಲಿ ಮೂರು ಗಂಟೆ ತಡವಾಗಿ ತಲುಪಿಸಿದರೆ ದೂರ ನೋಡಿಕೊಂಡು 250ರಿಂದ 600 ಯೂರೋ ಕೇಳಬಹುದು. ನಮ್ಮಲ್ಲಿ ಉಪ್ಪಿಟ್ಟು. ಮೊದಲೇ ತಿಳಿಸದೆ ವಿಮಾನ ರದ್ದು ಮಾಡಿದರೆ ಮಾತ್ರ, ಹಾರಾಟ ಎಷ್ಟು ಹೊತ್ತಿನದು ಅನ್ನುವುದರ ಮೇಲೆ, 5,000, 7,500 ಅಥವಾ 10,000 ರೂಪಾಯಿ. ಖುಷಿ ಪಡಬೇಡಿ. ಅಷ್ಟು, ಇಲ್ಲವೇ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಬುಕ್ ಮಾಡುವಾಗ ಫೋನ್ ನಂಬರ್ ಸರಿಯಾಗಿ ಕೊಟ್ಟಿರದಿದ್ದರೆ ಅದೂ ಇಲ್ಲ. ಕಾರಣ 'ಅಸಾಧಾರಣ' ಆಗಿದ್ದರೂ ಇಲ್ಲ. ಆ ಪಟ್ಟಿಯಲ್ಲಿ ಪ್ರವಾಹ, ಸ್ಫೋಟ, ಅಂತರ್ಯುದ್ಧಗಳ ಜೊತೆ ಹವಾಮಾನವೂ ಇದೆ. ಉತ್ತರ ಭಾರತದ ಮಂಜು ಬಹಳ ಅಸಾಧಾರಣ. ಎಷ್ಟು ಅಸಾಧಾರಣ ಅಂದರೆ, ಡಿಸೆಂಬರ್ 10ರಿಂದ ಫೆಬ್ರವರಿ 10ರವರೆಗೆ ಮಂಜಿನ ಕಾಲ ಅಂತ ಡಿಜಿಸಿಎ ದಿನಾಂಕ ಗೊತ್ತುಮಾಡಿದೆ. ಪ್ರತಿ ವರ್ಷ.

ಇದೆಲ್ಲ ಮಾಮೂಲಿ ದಿನಗಳ ಮಾತು. 2025ರ ಡಿಸೆಂಬರ್ ಮೊದಲ ವಾರ ನೆನಪಿದೆಯಲ್ವಾ? ಪೈಲಟ್‌ಗಳಿಗೆ ವಾರಕ್ಕೆ 36ರ ಬದಲು 48 ಗಂಟೆ ವಿಶ್ರಾಂತಿ ಕೊಡಿ, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಸಿ ಅಂತ ಡಿಜಿಸಿಎ ಹೇಳಿದ್ದು 2024ರ ಜನವರಿಯಲ್ಲಿ. ನಿಯಮ ಪೂರ್ತಿ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ನಡುವೆ ಇಪ್ಪತ್ತೊಂದು ತಿಂಗಳು. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನರನ್ನು ಹೊತ್ತೊಯ್ಯುವ ಇಂಡಿಗೋಗೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳಲು ಅದು ಸಾಲಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಉಳಿದ ಕಂಪನಿಗಳ ಟಿಕೆಟ್ ದರ ಆಕಾಶಕ್ಕೇರಿತು. ಕೊನೆಗೆ 500 ಕಿಲೋಮೀಟರ್‌ವರೆಗೆ 7,500 ರೂಪಾಯಿ ಮೀರಬೇಡಿ ಅಂತ ಸರ್ಕಾರವೇ ಮಿತಿ ಹಾಕಬೇಕಾಯಿತು.

ಆ ಗದ್ದಲದಲ್ಲಿ ಹುಬ್ಬಳ್ಳಿಯಲ್ಲೊಂದು ಆರತಕ್ಷತೆ ನಡೆಯಿತು. ಹಾಲ್ ಸಿಂಗಾರವಾಗಿತ್ತು, ಊಟ ತಯಾರಿತ್ತು, ಬಂಧು ಬಳಗ ಬಂದು ಕೂತಿತ್ತು. ಗಂಡು ಹೆಣ್ಣು ಮಾತ್ರ ಭುವನೇಶ್ವರದಲ್ಲಿ ಸಿಕ್ಕಿಬಿದ್ದಿದ್ದರು. ಜೋಡಿ ಕುರ್ಚಿಯಲ್ಲಿ ಹುಡುಗಿಯ ಅಪ್ಪ ಅಮ್ಮ ಕೂತರು. ನವದಂಪತಿ ಪರದೆಯ ಮೇಲೆ ವಿಡಿಯೊದಲ್ಲಿ ಬಂದು ಕೈ ಮುಗಿದರು. ಮುಯ್ಯಿಯ ಕವರನ್ನು ಯಾರ ಕೈಗೆ ಕೊಡುವುದು ಅಂತ ಎಷ್ಟು ಜನ ಪೇಚಾಡಿದರೋ.

ಈಗ ಹೇಳಿ, ಇಷ್ಟೆಲ್ಲ ಆದ ಮೇಲೆ ತಕ್ಷಣ ರಿಯಾಯಿತಿ ಸಿಕ್ಕಿದ್ದು ಯಾರಿಗೆ? ಕಂಪನಿಗೆ! ಪೈಲಟ್‌ಗಳ ವಾರದ ವಿಶ್ರಾಂತಿಯ ಜಾಗಕ್ಕೆ ಅವರ ರಜೆಯನ್ನು ಲೆಕ್ಕ ಹಾಕಬಾರದು ಅನ್ನುವ ಸೂಚನೆ ವಾಪಸ್ ಆಯಿತು. ರಾತ್ರಿ ಹಾರಾಟದ ಮಿತಿಯಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ. ಕೌಂಟರಿಗೆ ಎರಡು ನಿಮಿಷ ತಡವಾಗಿ ಬಂದವನಿಗೆ ಇಲ್ಲದ ಮಾಫಿ ಎರಡು ತಿಂಗಳಿಗೆ ಸಿಕ್ಕಿತು.

ಪ್ರಯಾಣಿಕರಿಗೂ ಸಿಕ್ಕಿತು ಅನ್ನಿ. ನಿಯಮದ ಪರಿಹಾರದ ಜೊತೆಗೆ, ಆ 3, 4, 5ನೇ ತಾರೀಖು 'ತೀವ್ರವಾಗಿ' ತೊಂದರೆಗೊಳಗಾದವರಿಗೆ 10,000 ರೂಪಾಯಿಯ ವೋಚರ್ ಅಂತ ಕಂಪನಿ ಘೋಷಿಸಿತು. ತೀವ್ರ ಅಂದರೆ ಎಷ್ಟು? ಅದನ್ನು ಅಳೆಯುವವರು ಅವರೇ. ವೋಚರನ್ನು ಹನ್ನೆರಡು ತಿಂಗಳೊಳಗೆ ಬಳಸಬೇಕು. ಎಲ್ಲಿ? ಅದೇ ಕಂಪನಿಯ ವಿಮಾನದಲ್ಲಿ. ಹುಬ್ಬಳ್ಳಿಯ ಜೋಡಿಗೂ ಬಂದಿದ್ದರೆ ಮೊದಲ ವಾರ್ಷಿಕೋತ್ಸವಕ್ಕೆ ಟಿಕೆಟ್ ಮಾಡಿಸಿಕೊಳ್ಳಲಿ. ರಾತ್ರಿ 8 ದಾಟಿದ ವಿಮಾನವೇ ಇರಲಿ. ಹೋಗದಿದ್ದರೆ ರೂಮಾದರೂ ಸಿಗುತ್ತದೆ.