ಪಫ್ಸಿಗೆ ಎಷ್ಟು?

ನಿನ್ನೆ ಸಂಜೆ ಬ್ರೆಡ್ ತರಲೆಂದು ನಮ್ಮ ರಸ್ತೆಯ ಬೇಕರಿಗೆ ಹೋಗಿದ್ದೆ. ಬೆನ್ನಿಗೆ ಟ್ಯೂಷನ್ ಚೀಲ ಹಾಕಿಕೊಂಡ ನಾಲ್ಕು ಹುಡುಗರು ಎಗ್ ಪಫ್ಸ್ ತಿನ್ನುತ್ತ ನಿಂತಿದ್ದರು. ಅವರಲ್ಲೊಬ್ಬ, ಹನ್ನೊಂದು ವರ್ಷವಿದ್ದೀತು, ಗಲ್ಲಾದ ಮೇಲಿನ ಕ್ಯೂಆರ್ ಕೋಡಿನ ಫೋಟೋ ತೆಗೆದು ಅಮ್ಮನಿಗೆ ಕಳಿಸಿ ಫೋನ್ ಮಾಡಿದ. "ಅಮ್ಮಾ, 180 ಹಾಕು." ಅಷ್ಟೇ ಮಾತು. ಅರ್ಧ ನಿಮಿಷದಲ್ಲಿ ಗಲ್ಲಾದ ಪಕ್ಕದ ಡಬ್ಬಿ ನೂರ ಎಂಬತ್ತು ರೂಪಾಯಿ ಬಂದಿದೆ ಎಂದು ಡಂಗುರ ಸಾರಿತು. ಹುಡುಗ ಒಳಗಿನ ಮೊಟ್ಟೆಯನ್ನಷ್ಟೇ ತಿಂದು ಉಳಿದದ್ದನ್ನು ಕಸದ ಬುಟ್ಟಿಗೆ ಎಸೆದ. ನನಗೆ ತಡೆಯಲಾಗಲಿಲ್ಲ. "ಪಫ್ಸಿಗೆ ಎಷ್ಟಪ್ಪಾ?" ಎಂದು ಕೇಳಿಯೇಬಿಟ್ಟೆ.

"ಗೊತ್ತಿಲ್ಲ ಆಂಟಿ, ಅಮ್ಮ ಹಾಕುತ್ತಾರೆ."

ಈ 'ಅಮ್ಮ ಹಾಕುತ್ತಾರೆ' ರಾತ್ರಿಯಿಡೀ ತಲೆ ತಿಂದಿತು. ಬ್ಯಾಂಕಿನ ನನ್ನ ಕ್ಯಾಷ್ ಕೌಂಟರಿನ ಪುರಾಣ ಕೇಳಿ ಕೇಳಿ ನೀವೆಲ್ಲ ಬೇಸತ್ತಿದ್ದೀರಿ, ಆದರೂ ಹೇಳುತ್ತೇನೆ. ಮಕ್ಕಳಿಗೆ ಐವತ್ತು ಕೊಡಬೇಕೋ ಐನೂರು ಕೊಡಬೇಕೋ ಎಂಬುದು ಆಮೇಲಿನ ಮಾತು. ಮೊದಲು ಅದು ಮುಗಿಯುವ ದುಡ್ಡಾಗಿರಬೇಕು. ಕೇಳಿದಾಗಲೆಲ್ಲ ಬೀಳುವ ದುಡ್ಡಿಗೆ ಪಾಕೆಟ್ ಮನಿ ಎನ್ನುವುದಿಲ್ಲ, ನಲ್ಲಿ ನೀರು ಎನ್ನುತ್ತಾರೆ. ನಮ್ಮ ಬಡಾವಣೆಯ ನಲ್ಲಿಯಾದರೂ ದಿನ ಬಿಟ್ಟು ದಿನ ನಿಲ್ಲುತ್ತದೆ!

ಉಡುಪಿ ಕಡೆಯ ನಮ್ಮಪ್ಪನ ಅಂಗಡಿಗೆ ದಿನವೂ ಸಂಜೆ ಪಿಗ್ಮಿಯವರು, ಎಂದರೆ ದಿನದ ಉಳಿತಾಯದ ದುಡ್ಡನ್ನು ಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವವರು, ಬರುತ್ತಿದ್ದರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಶುರುಮಾಡಿದ ಪದ್ಧತಿ ಅದು. ಅಪ್ಪ ಐದು ರೂಪಾಯಿ ಕಟ್ಟುತ್ತಿದ್ದರು. ವ್ಯಾಪಾರವಿಲ್ಲದ ಮಳೆಗಾಲದ ದಿನ ಎರಡೇ. ಆ ಕಾರ್ಡಿನ ಮೇಲೆ 5, 5, 2, 5 ಎಂದು ಬೀಳುತ್ತಿದ್ದ ಅಂಕಿ ನೋಡಿಯೇ ಆ ವಾರ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ನನಗೆ ತಿಳಿಯುತ್ತಿತ್ತು. ಶನಿವಾರ ನನಗೊಂದು ನಾಲ್ಕಾಣೆ ಸಿಗುತ್ತಿತ್ತು. ಅದರಲ್ಲಿ ಐಸ್‌ಕ್ಯಾಂಡಿ ಬರುತ್ತಿತ್ತು, ಇಲ್ಲವೇ ಉಪ್ಪು ಖಾರದ ನೆಲ್ಲಿಕಾಯಿ. ಎರಡೂ ಬರುತ್ತಿರಲಿಲ್ಲ. ಶಾಲೆಯಿಂದ ಅಂಗಡಿಯವರೆಗಿನ ದಾರಿಯುದ್ದಕ್ಕೂ ಅದೇ ಯೋಚನೆ. (ಆ ನಾಲ್ಕಾಣೆ 2011ರಲ್ಲಿ ಚಲಾವಣೆಯಿಂದಲೇ ಹೋಯಿತು. ಆ ದಿನ ಕೌಂಟರಿನಲ್ಲಿ ಕುಳಿತಿದ್ದವಳಿಗೆ ಸುಮ್ಮನೆ ಹೊಟ್ಟೆ ಚುರ್ ಎಂದಿತ್ತು.)

ಆನ್‌ಲೈನಿನಲ್ಲಿ ಕಟ್ಟಿದರೆ ಮಕ್ಕಳು ಎಲ್ಲಿ ಖರ್ಚು ಮಾಡಿದರೆಂಬ ಲೆಕ್ಕ ಸಿಗುತ್ತದಲ್ಲ, ಕೈಗೆ ನೋಟು ಕೊಟ್ಟರೆ ಏನೇನು ಕೊಳ್ಳುತ್ತಾರೋ ಎಂದು ನನ್ನ ತಂಗಿಯ ವಾದ. ಲೆಕ್ಕ ಸಿಗುತ್ತದೆ, ನಿಜ. ಆದರೆ ಅದು ಕುಳಿತಿರುವುದು ಅಮ್ಮನ ಫೋನಿನಲ್ಲಿ, ಇರಬೇಕಾದದ್ದು ಮಗನ ತಲೆಯಲ್ಲಿ. 2024ರಲ್ಲಿ ಯುಪಿಐ ಸರ್ಕಲ್ ಎಂಬುದೂ ಬಂತು, ನಮ್ಮ ಖಾತೆಯಿಂದ ಮನೆಯ ಇನ್ನೊಬ್ಬರು ತಿಂಗಳಿಗೆ 15,000 ರೂಪಾಯಿಯವರೆಗೆ ಪಾವತಿ ಮಾಡಬಹುದು. ಸಂತೋಷ. ಹತ್ತು ವರ್ಷ ದಾಟಿದ ಮಗು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಅದಕ್ಕಾಗಿ ಮಕ್ಕಳನ್ನು ಕರೆದುಕೊಂಡು ನನ್ನ ಕೌಂಟರಿಗೆ ಬಂದ ತಂದೆತಾಯಿಯರನ್ನು ಎರಡು ಕೈಗಳ ಬೆರಳುಗಳಲ್ಲೇ ಎಣಿಸಬಹುದು.

ಇಷ್ಟೆಲ್ಲ ಬರೆಯುವ ನಾನೇನು ದೊಡ್ಡ ಸಾಧ್ವಿಯಲ್ಲ. ಏಳನೆಯ ತರಗತಿಯ ಮಗಳಿಗೆ ನಾನೂ ಕೇಳಿದಾಗ ಕೇಳಿದಷ್ಟು ಕೊಡುತ್ತಿದ್ದವಳೇ. ಒಂದು ತಿಂಗಳು ಹಟ ಹಿಡಿದು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ಇನ್ನೂರು ಇನ್ನೂರೈವತ್ತು ಆದೀತು ಎಂದುಕೊಂಡಿದ್ದೆ, ಕೂಡಿಸಿದರೆ 720! ದಿನವಿಡೀ ಬೇರೆಯವರ ದುಡ್ಡು ಎಣಿಸುವವಳ ಮನೆಯ ಸ್ಥಿತಿ ಇದು. ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದೆ. ನೋಟುಪುಸ್ತಕ, ಬಸ್ ಪಾಸು ನನ್ನದು. ಬೇಕರಿ, ಸ್ಟಿಕರು, ಗೆಳತಿಯರ ಹುಟ್ಟುಹಬ್ಬದ ಉಡುಗೊರೆ ಅವಳದು. ವಾರಕ್ಕೆ 120, ಭಾನುವಾರ ಬೆಳಿಗ್ಗೆ, ಹತ್ತರ ನೋಟುಗಳಲ್ಲಿ.

ಎರಡನೆಯ ವಾರ ಬುಧವಾರಕ್ಕೇ ಖಾಲಿ. ಮುಖ ಊದಿಸಿಕೊಂಡು ಓಡಾಡಿದಳು. ಕೊಡದೆ ಕೂರುವುದು ಎಂಥ ಕಷ್ಟ ಎಂದು ಆಗ ಗೊತ್ತಾಯಿತು, ಅದು ನೆನಪಾಗಿ ನಿನ್ನೆ ಬೇಕರಿಯ ಹುಡುಗನ ಅಮ್ಮನ ಮೇಲೆ ಅರೆಕ್ಷಣ ಕನಿಕರವೂ ಬಂತು. ಆ ವಾರ ನಾನೇನೋ ಹಲ್ಲು ಕಚ್ಚಿ ಕುಳಿತೆ. ನಮ್ಮ ಮನೆಯವರು ಗುಟ್ಟಾಗಿ ಇಪ್ಪತ್ತು ಕೊಟ್ಟರು. ಅತ್ತೆಯವರ ಎಲೆಅಡಿಕೆ ಚೀಲವಂತೂ ರಿಸರ್ವ್ ಬ್ಯಾಂಕಿನ ಹತೋಟಿಗೂ ಸಿಗದ ಸಂಸ್ಥೆ. ಇಬ್ಬರ ಜೊತೆಗೂ ಜಗಳವಾಡಿದೆ. ಐದನೆಯ ವಾರ ಮಗಳು ಬೇಕರಿಯಿಂದ ಬರಿಗೈಯಲ್ಲಿ ಬಂದಳು. "ಪಫ್ಸ್ ಐದು ರೂಪಾಯಿ ಜಾಸ್ತಿ ಮಾಡಿದ್ದಾರೆ, ಮನೆಯಲ್ಲಿ ಅವಲಕ್ಕಿ ಇದೆಯಾ?" ಎಂದಳು. ನಾನು ಒಳಗೆ ಹೋಗಿ ಕುಣಿಯುವುದೊಂದು ಬಾಕಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳೇ ಕೆಳಗೆ ಕಾಮೆಂಟು ಹಾಕಿಸುತ್ತಾಳೆ. ಮೊನ್ನೆ ತರಕಾರಿಯವಳಿಗೆ ಚಿಲ್ಲರೆ ಇಲ್ಲವೆಂದು ಮಗಳ ಡಬ್ಬಿಯಿಂದ 60 ತೆಗೆದಿದ್ದೆ. ಅದಕ್ಕೆ ಮುಂಚೆ ಆಟೋದವನಿಗೆ 40. ಇವತ್ತು ಅವಳ ಪುಸ್ತಕದ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಕಂಡಿತು: "ಅಮ್ಮ, 100 ಬಾಕಿ." ಭಾನುವಾರ ಸೇರಿಸಿ ಕೊಡುತ್ತೇನೆ ಎಂದೆ.

"ಹೋದ ಭಾನುವಾರವೂ ಇದನ್ನೇ ಹೇಳಿದ್ದೆ" ಎಂದು ಪುಸ್ತಕ ಮುಚ್ಚಿಟ್ಟಳು.